ದಾಖಲಾತಿ ಪುಸ್ತಕದೊಳಗಿನ ನಾಲ್ಕು ತಾಲ್ಲೂಕು

ಸ್ಮರಣ ಸಂಚಿಕೆ ಎಂದ ಮೇಲೆ ಅಡಿಗಲ್ಲಿನ ಚಿತ್ರ, ಸೇವೆ ಸಲ್ಲಿಸಿದ ಪಾದ್ರಿಗಳ ಭಾವಚಿತ್ರ, ಹೆಡ್‌ಮಾಸ್ತರರ ಯಾದಿ ಇರಬೇಕಾದವೇ. ಆದರೆ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳ ಹಳ್ಳಿಗಳಲ್ಲಿ ಚರ್ಚಿನ ಆಸರೆಯಲ್ಲಿ ನಡೆದ ಸಣ್ಣ ಪ್ರಾಥಮಿಕ ಶಾಲೆಗಳ ಚರಿತ್ರೆ ಬರೆಯಲು ಕೂತವರು ಮೊದಲು ಕೈಗೆತ್ತಿಕೊಳ್ಳಬೇಕಾದದ್ದು ಬೇರೆಯೇ ಇದೆ. ಹೆಡ್‌ಮಾಸ್ತರರ ಕಬ್ಬಿಣದ ಅಲ್ಮಾರಿಯಲ್ಲಿ, ಹಾಜರಿ ಪುಸ್ತಕಗಳ ಕೆಳಗೆ ಅಡ್ಡ ಮಲಗಿರುವ ಉದ್ದನೆಯ ದಾಖಲಾತಿ ಪುಸ್ತಕ ಅದು. ಒಂದು ಸಾಲಿಗೆ ಒಂದು ಮಗು. ಎಡತುದಿಯಲ್ಲಿ ದಾಖಲಾತಿ ಸಂಖ್ಯೆ. ಆಮೇಲೆ ಮಗುವಿನ ಹೆಸರು, ತಂದೆ ತಾಯಿಯ ಹೆಸರು, ಧರ್ಮ, ಜಾತಿ, ಮಾತೃಭಾಷೆ, ಹುಟ್ಟಿದ ಊರು, ಹುಟ್ಟಿದ ತಾರೀಖು ಅಂಕಿಯಲ್ಲೊಮ್ಮೆ ಅಕ್ಷರದಲ್ಲೊಮ್ಮೆ, ಸೇರಿದ ತರಗತಿ, ಶಾಲೆ ಬಿಟ್ಟ ತಾರೀಖು, ಬಿಟ್ಟ ಕಾರಣ, ಕೊನೆಗೆ ಷರಾ. ಶಾಲೆ ಯಾರಿಗಾಗಿ ಇತ್ತು ಎನ್ನುವುದನ್ನು ಅಡಿಗಲ್ಲು ಹೇಳುವುದಿಲ್ಲ, ಈ ಸಾಲುಗಳು ಹೇಳುತ್ತವೆ.

2011ರ ಜನಗಣತಿಯಂತೆ ಕೊಪ್ಪಳ ಜಿಲ್ಲೆಯಲ್ಲಿ ಕ್ರೈಸ್ತರು ನೂರಕ್ಕೆ ಒಬ್ಬರೂ ಇಲ್ಲ. ಹಾಗಿದ್ದ ಮೇಲೆ ಇಲ್ಲಿ ಚರ್ಚಿನ ಶಾಲೆಯೊಂದು ತುಂಬಿದ್ದರೆ ಅದು ತನ್ನ ಸಭೆಯ ಮಕ್ಕಳಿಂದ ತುಂಬಿದ್ದಲ್ಲ. ಕುರುಬರ ಹುಡುಗ, ನದಾಫರ ಹುಡುಗಿ, ತಾಂಡಾದಿಂದ ನಡೆದು ಬಂದ ಲಂಬಾಣಿ ಮಕ್ಕಳು, ಮಾದಿಗರ ಮತ್ತು ಛಲವಾದಿಗಳ ಕೇರಿಯ ಕೂಸುಗಳು, ಊರ ಗೌಡರ ಮನೆಯವರೂ ಒಂದೇ ಪುಟದಲ್ಲಿ ಒಬ್ಬರ ಕೆಳಗೊಬ್ಬರು ಬರುತ್ತಾರೆ. ಈ ಶಾಲೆಗಳ ನಿಜವಾದ ಸಾಧನೆ ಅವು ಕಲಿಸಿದ ಪಾಠಕ್ಕಿಂತ ಮೊದಲೇ, ಹೆಸರು ಹಚ್ಚಿಕೊಂಡ ಗಳಿಗೆಯಲ್ಲಿಯೇ ಆಗಿಹೋಗಿದೆ ಎಂಬುದು ನನ್ನ ನಂಬಿಕೆ. ಉಳಿದದ್ದೆಲ್ಲ ಆ ಮೇಲಿನ ಮಾತು.

ನಕ್ಷೆ ಎದುರಿಗಿಟ್ಟುಕೊಂಡರೆ ಈ ನಾಲ್ಕು ತಾಲ್ಲೂಕುಗಳ ಸ್ಥಿತಿ ವಿಶೇಷವಾದದ್ದು. ದಕ್ಷಿಣಕ್ಕೆ ತುಂಗಭದ್ರೆಯ ಆಚೆ ಮದ್ರಾಸ್ ಪ್ರಾಂತದ ಬಳ್ಳಾರಿ. ಅಲ್ಲಿಗೆ 1810ರಲ್ಲಿಯೇ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಬಂದು ನೆಲೆಸಿ ಶಾಲೆ ತೆರೆದರು, ಬೈಬಲಿನ ಕನ್ನಡ ಅನುವಾದಕ್ಕೆ ಕೈ ಹಚ್ಚಿದರು. ಬಳ್ಳಾರಿಯ ವಾರ್ಡ್ಲಾ ಶಾಲೆಯ ಹುಟ್ಟು 1846ರದು. ಪಶ್ಚಿಮಕ್ಕೆ ಮುಂಬಯಿ ಪ್ರಾಂತದ ಧಾರವಾಡ ಸೀಮೆ. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಶನ್ 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ಬೆಟಗೇರಿಗೆ, 1851ರಲ್ಲಿ ಗುಳೇದಗುಡ್ಡಕ್ಕೆ ತಲುಪಿತು. ಬೆಟಗೇರಿಯಿಂದ ಕೊಪ್ಪಳ ದೂರವೇನಲ್ಲ. 1880ರ ದಶಕದಲ್ಲಿ ಗದಗಿನಿಂದ ಹೊಸಪೇಟೆಗೆ ರೈಲು ಹಾದ ಮೇಲಂತೂ ಮಗ್ಗುಲ ಊರಾಯಿತು. ಉತ್ತರಕ್ಕೆ, ಕುಷ್ಟಗಿ ತಾಲ್ಲೂಕಿನ ಗಡಿ ದಾಟಿದರೆ ಲಿಂಗಸುಗೂರು ತಾಲ್ಲೂಕಿನ ಮುದಗಲ್ಲು. ಅಲ್ಲಿಯ ಕಥೊಲಿಕರು ಇವರೆಲ್ಲರಿಗಿಂತ ಹಳಬರು. ಬಿಜಾಪುರದ ಆದಿಲ್‌ಶಾಹಿಗಳ ಆಳ್ವಿಕೆಯಲ್ಲಿ ಗೋವೆಯ ಕಡೆಯಿಂದ ಬಂದ ಪಾದ್ರಿಗಳ ಕಾಲಕ್ಕೆ ಬೇರು ಬಿಟ್ಟ ಕನ್ನಡ ಕ್ರೈಸ್ತ ಸಮುದಾಯ ಅದು. ಮೊಹರಮ್ಮಿಗೆ ಹೆಸರಾದ ಊರಿನಲ್ಲಿ ಶತಮಾನಗಳಿಂದ ಬಾಳಿದೆ.

ಹೀಗೆ ಮೂರು ದಿಕ್ಕಿನಲ್ಲಿ ಮೂರು ಬಗೆಯ ಕ್ರೈಸ್ತ ಕೇಂದ್ರಗಳಿದ್ದವು, ನಡುವೆ ನಿಜಾಮರ ಸೀಮೆ. ಕೊಪ್ಪಳ ಮತ್ತು ಯಲಬುರ್ಗಾ ಸಾಲಾರ್‌ಜಂಗ್ ಮನೆತನದ ಜಾಗೀರು. ಗಂಗಾವತಿಯ ಕಡೆ ಆನೆಗೊಂದಿಯ ಸಂಸ್ಥಾನ. ಕಚೇರಿಯ ಭಾಷೆ ಉರ್ದು. 1918ರಲ್ಲಿ ಹೈದರಾಬಾದಿನಲ್ಲಿ ತೆರೆದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನೆಯೂ ಉರ್ದುವಿನಲ್ಲಿಯೇ. ಹಳ್ಳಿಯ ಹುಡುಗರಿಗೆ ಸಿಗುತ್ತಿದ್ದದ್ದು ಐಗಳ ಸಾಲಿ. ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದಿ, ಮಗ್ಗಿ ಬಾಯಿಪಾಠ ಮಾಡಿ, ಅಷ್ಟಕ್ಕೇ ನೇಗಿಲ ಹಿಂದೆ ಹೋಗುವ ಕಲಿಕೆ. ಅದೂ ಎಲ್ಲ ಕೇರಿಯವರಿಗಲ್ಲ, ಹೆಣ್ಣುಮಕ್ಕಳಿಗಂತೂ ಅಲ್ಲವೇ ಅಲ್ಲ. ಖಾಸಗಿಯಾಗಿ ಶಾಲೆ ತೆರೆಯುವುದಕ್ಕೆ ಸರಕಾರದ ಪರವಾನಗಿ ಬೇಕಾಗಿತ್ತು. ಇಂಥ ಬಿಗಿಯ ನಡುವೆಯೇ ಕುಕನೂರಿನಲ್ಲಿ ವಿದ್ಯಾನಂದ ಗುರುಕುಲ ನಡೆಯಿತು, ಕನ್ನಡದಲ್ಲಿ ಕಲಿತ ಒಂದು ಪೀಳಿಗೆಯನ್ನು ತಯಾರು ಮಾಡಿತು ಎಂಬುದನ್ನು ಈ ಭಾಗದಲ್ಲಿ ಶಿಕ್ಷಣದ ಮಾತಾಡುವ ಯಾರೂ ಮರೆಯಬಾರದು. ಚರ್ಚಿನ ಶಾಲೆಗಳು ಒಂಟಿಯಾಗಿ ದೀಪ ಹಚ್ಚಿದವು ಎಂದು ಬರೆದರೆ ಅದು ಸುಳ್ಳು ಚರಿತ್ರೆಯಾಗುತ್ತದೆ. ಗುರುಕುಲವೂ ಇತ್ತು, ಕೊಪ್ಪಳದ ಗವಿಮಠವೂ ಇತ್ತು. ಚರ್ಚಿನ ಶಾಲೆಯ ಪಾಲು ಅವುಗಳ ಪಕ್ಕದಲ್ಲಿ ಸಣ್ಣದು, ಆದರೆ ಅದರದೇ ಒಂದು ಗುಣವಿತ್ತು. ಆ ಗುಣ ತಿಳಿಯಬೇಕಾದರೆ ಧಾರವಾಡದ ಒಂದು ಅರ್ಜಿಯ ಕತೆ ತಿಳಿದಿರಬೇಕು.

1856ರ ಜೂನ್ ತಿಂಗಳಲ್ಲಿ ಧಾರವಾಡದ ಸರಕಾರಿ ಶಾಲೆಗೆ ಸೇರಲು ಮಹಾರ ಸಮುದಾಯದ ಹುಡುಗನೊಬ್ಬ ಅರ್ಜಿ ಕೊಟ್ಟ. ಶಾಲೆಯವರು ಸೇರಿಸಿಕೊಳ್ಳಲಿಲ್ಲ. ಹುಡುಗ ಬಿಡಲಿಲ್ಲ, ಅರ್ಜಿ ಮುಂಬಯಿ ಸರಕಾರದ ಮುಂದೆ ಹೋಯಿತು. ನ್ಯಾಯ ಹುಡುಗನ ಪರವಾಗಿದೆ ಎಂದು ಸರಕಾರ ಒಪ್ಪಿಕೊಂಡಿತು. ಒಪ್ಪಿಕೊಂಡೂ, ಅವನೊಬ್ಬನನ್ನು ಸೇರಿಸಿಕೊಂಡರೆ ಉಳಿದವರಿಗೆಲ್ಲ ಶಾಲೆ ನಿರುಪಯೋಗವಾದೀತು ಎಂಬ ಕಾರಣ ಮುಂದೆ ಮಾಡಿ ಅವನನ್ನು ಹೊರಗೇ ಇಟ್ಟಿತು. 1857ರ ಆರಂಭದಲ್ಲಿ ಗವರ್ನರ್ ಜನರಲ್‌ರ ಕಡೆಯಿಂದ ಇದಕ್ಕೆ ಆಕ್ಷೇಪ ಬಂತು. 1858ರಲ್ಲಿ ಲಂಡನ್ನಿನ ಕಂಪನಿ ನಿರ್ದೇಶಕರು ಸರಕಾರಿ ಶಾಲೆಗಳು ಎಲ್ಲ ಜಾತಿಯವರಿಗೂ ತೆರೆದಿರಬೇಕೆಂದು ಹೇಳಿದರು. ಹೇಳಿದ್ದು ಕಾಗದದ ಮೇಲೆ ಉಳಿಯಿತು. 1928ರಲ್ಲಿ ಅಂಬೇಡ್ಕರರು ಸೈಮನ್ ಆಯೋಗಕ್ಕೆ ಕೊಟ್ಟ ಹೇಳಿಕೆಯಲ್ಲಿ, ದಲಿತರ ಶಿಕ್ಷಣವನ್ನು ಬ್ರಿಟಿಷ್ ಸರಕಾರ ಹೇಗೆ ಕಡೆಗಣಿಸಿತು ಎಂಬುದಕ್ಕೆ ಸಾಕ್ಷಿಯಾಗಿ ಈ ಧಾರವಾಡದ ಪ್ರಕರಣವನ್ನೇ ಎತ್ತಿಕೊಂಡರು. ಇಡೀ ಹಿಂದೂಸ್ತಾನದ ಶಿಕ್ಷಣ ಚರಿತ್ರೆಯಲ್ಲಿ ಬಹಳ ದೊಡ್ಡದೆನಿಸಿದ ಶಾಲಾ ಪ್ರವೇಶದ ಪ್ರಶ್ನೆ ಎದ್ದದ್ದು ನಮ್ಮ ಕನ್ನಡ ನಾಡಿನ ಒಂದು ಶಾಲೆಯ ಬಾಗಿಲಲ್ಲಿ.

ಸರಕಾರ ಹಿಂಜರಿದ ಕಾಲಕ್ಕೆ ಮಿಶನ್ ಶಾಲೆಗಳು ಬಾಗಿಲು ತೆರೆದವು. ಅದಕ್ಕೆ ಬೆಲೆಯನ್ನೂ ತೆತ್ತವು: ಕೆಳಜಾತಿಯ ಹುಡುಗನೊಬ್ಬ ಬೆಂಚಿನ ಮೇಲೆ ಕೂತನೆಂದರೆ ಮೇಲ್ಜಾತಿಯ ಮನೆಗಳವರು ಮಕ್ಕಳನ್ನು ಬಿಡಿಸಿಕೊಂಡು ಹೋಗುತ್ತಿದ್ದರು, ಕೆಲವು ದಿನ ಶಾಲೆ ಬಣಗುಟ್ಟುತ್ತಿತ್ತು, ಆಮೇಲೆ ಒಬ್ಬೊಬ್ಬರಾಗಿ ಮರಳುತ್ತಿದ್ದರು. ಮಿಶನರಿಗಳಿಗೆ ಮತಪ್ರಚಾರದ ಉದ್ದೇಶ ಇರಲಿಲ್ಲವೆಂದು ಯಾರೂ ಹೇಳಲಾರರು. ಅವರೇ ಅದನ್ನು ಮುಚ್ಚಿಟ್ಟಿರಲಿಲ್ಲ. ದಿನದ ಮೊದಲ ಪಾಠ ವೇದಪಾಠವೇ. ಆದರೆ ಕಲಿಸಿದ್ದು ಕನ್ನಡದಲ್ಲಿ. 1841ರಲ್ಲಿ ಮಂಗಳೂರಿನಲ್ಲಿ ಶುರುವಾದ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಬಂದ ಕನ್ನಡ ಪಠ್ಯಗಳು ಘಟ್ಟದ ಮೇಲೂ ಓಡಾಡಿದವು. ಉದ್ದೇಶ ಏನೇ ಇರಲಿ, ಅಕ್ಷರ ಕಲಿತ ಹುಡುಗನ ಕೈಯಿಂದ ಆ ಅಕ್ಷರವನ್ನು ಯಾರೂ ಮರಳಿ ಕಸಿದುಕೊಳ್ಳಲಿಲ್ಲ. ಅವನು ಚರ್ಚಿಗೆ ಬಂದನೋ ಇಲ್ಲವೋ ಎಂಬುದರ ಮೇಲೆ ಶಾಲೆಯ ಬೆಲೆ ಕಟ್ಟುವುದು ಬೇಡ.

ನಾಲ್ಕು ತಾಲ್ಲೂಕಿನ ಹಳ್ಳಿಗಳಿಗೆ ಈ ರೂಢಿ ತಲುಪಿದ್ದು ದೊಡ್ಡ ಕಟ್ಟಡಗಳ ರೂಪದಲ್ಲಲ್ಲ. ಭಾನುವಾರ ಆರಾಧನೆ ನಡೆಯುವ ಒಂದೇ ಕೋಣೆ, ಉಳಿದ ದಿನ ಅಲ್ಲಿಯೇ ಸಾಲಿ. ಉಪದೇಶಿಯೇ ಮಾಸ್ತರ, ಅವರ ಮನೆಯವರು ಅಕ್ಕೋರು. ಒಂದನೇ ಇಯತ್ತೆಯಿಂದ ನಾಲ್ಕನೆಯದರವರೆಗೂ ಒಂದೇ ಸೂರಿನ ಕೆಳಗೆ. ಒಂದು ಸಾಲಿನವರು ಪಾಟಿಯ ಮೇಲೆ ಬರೆಯುವಾಗ ಇನ್ನೊಂದು ಸಾಲಿನವರು ಮಗ್ಗಿ ಹೇಳುವುದು. ಇಂಥ ಶಾಲೆಗೆ ಹೆಸರು ಹಚ್ಚಲು ಕೇರಿಯಿಂದ ಬಂದ ತಾಯಿಗೆ ಊರ ಮುಂದಿನ ಕಟ್ಟೆ ದಾಟಿ ಹೋಗುವ ಅಂಜಿಕೆ ಇರಲಿಲ್ಲ, ಏಕೆಂದರೆ ಬಹಳ ಕಡೆ ಶಾಲೆ ಇದ್ದದ್ದೇ ಆ ಕೇರಿಯ ಮಗ್ಗುಲಲ್ಲಿ. ಶಾಲೆಯನ್ನು ಎಲ್ಲಿ ಕಟ್ಟುತ್ತೀರಿ ಎನ್ನುವುದರಲ್ಲಿಯೇ ಯಾರನ್ನು ಸೇರಿಸಿಕೊಳ್ಳುತ್ತೀರಿ ಎನ್ನುವ ನಿರ್ಧಾರ ಅರ್ಧ ಆಗಿರುತ್ತದೆ.

1947-48ರ ರಜಾಕಾರರ ಹಾವಳಿಯಲ್ಲಿ ಈ ಸೀಮೆಯ ಎಷ್ಟೋ ಕುಟುಂಬಗಳು ಗಡಿ ದಾಟಿ ಮುಂಡರಗಿ, ಗಜೇಂದ್ರಗಡದ ಕಡೆ ಆಸರೆ ಪಡೆದವು. ಅಳವಂಡಿ ಶಿವಮೂರ್ತಿಸ್ವಾಮಿಗಳ ನೇತೃತ್ವದ ಶಿಬಿರದ ಹೆಸರು ಇಂದಿಗೂ ಜನರ ಬಾಯಲ್ಲಿದೆ. ಆ ವರ್ಷ ಮಕ್ಕಳ ಓದು ನಿಂತಲ್ಲಿಯೇ ನಿಂತಿತು. 1948ರ ಸೆಪ್ಟೆಂಬರ್ 17ಕ್ಕೆ ಹೈದರಾಬಾದ್ ಸಂಸ್ಥಾನ ವಿಮೋಚನೆಯಾಯಿತು, 1949ರಲ್ಲಿ ಜಾಗೀರುಗಳು ರದ್ದಾದವು, 1956ರ ನವೆಂಬರ್ 1ಕ್ಕೆ ರಾಯಚೂರು ಜಿಲ್ಲೆಯ ಭಾಗವಾಗಿ ಈ ತಾಲ್ಲೂಕುಗಳು ಮೈಸೂರು ರಾಜ್ಯಕ್ಕೆ ಬಂದವು. ಹಳೆಯ ಕಾಗದಪತ್ರಗಳಲ್ಲಿ ಫಸಲಿ ವರ್ಷ ಕಾಣಿಸಿದರೆ ಗಾಬರಿ ಬೀಳಬೇಕಿಲ್ಲ, 590 ಕೂಡಿಸಿದರೆ ಇಸವಿ ಸಿಗುತ್ತದೆ. ರಾಜ್ಯ ಬದಲಾದ ಮೇಲೆ ಕಚೇರಿಯ ಭಾಷೆ ಕನ್ನಡವಾಯಿತು, 1961ರಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾಯ್ದೆ ಬಂತು, ಸರಕಾರಿ ಶಾಲೆ ಹಳ್ಳಿ ಹಳ್ಳಿಗೆ ಹೊಕ್ಕಿತು. ಕೊಪ್ಪಳ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಕುಕನೂರು, ಕಾರಟಗಿ, ಕನಕಗಿರಿ ತಾಲ್ಲೂಕುಗಳಾಗಿ ಒಡೆದದ್ದು ತೀರ ಈಚೆಗೆ. ಹಳೆಯ ರಿಜಿಸ್ಟರುಗಳ ಮಟ್ಟಿಗೆ ಇವೆಲ್ಲ ಇನ್ನೂ ಆ ನಾಲ್ಕೇ.

ಗಂಗಾವತಿಯ ಕಡೆ ಪುಟಗಳ ಬಣ್ಣವೇ ಬೇರೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟೆಯ ಕೆಲಸ ಮುಗಿದು ಎಡದಂಡೆ ಕಾಲುವೆಗೆ ನೀರು ಹರಿದ ಮೇಲೆ ಆಂಧ್ರದ ರೈತರು ಬಂದು ಭೂಮಿ ಕೊಂಡರು, ಕ್ಯಾಂಪುಗಳೆದ್ದವು, ಜೋಳದ ಸೀಮೆ ಭತ್ತದ ಸೀಮೆಯಾಯಿತು. ನಾಟಿಗೆ, ಕೊಯ್ಲಿಗೆ ಬಂದ ಕೂಲಿ ಕುಟುಂಬಗಳಲ್ಲಿ ಕ್ರೈಸ್ತರೂ ಇದ್ದರು. ಕ್ಯಾಂಪಿನ ಪ್ರಾರ್ಥನಾ ಮಂದಿರದಲ್ಲಿ ತೆಲುಗು ಹಾಡು ಕೇಳಿಸತೊಡಗಿತು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಮಾತೃಭಾಷೆಯ ಕಾಲಮ್ಮಿನಲ್ಲಿ ಕನ್ನಡ, ತೆಲುಗು, ಉರ್ದು, ಲಂಬಾಣಿ ಸರದಿಯಂತೆ ಬರುವ ಪುಟಗಳು ಈ ಭಾಗದಲ್ಲಿ ಹೊಸತಲ್ಲ.

ಜೂನ್ ತಿಂಗಳ ಹೆಸರು ಹಚ್ಚುವ ದಿನವನ್ನು ಒಂದಿಷ್ಟು ಹತ್ತಿರದಿಂದ ನೋಡಬೇಕು. ಹಳ್ಳಿಯಲ್ಲಿ ಜನನ ಪ್ರಮಾಣಪತ್ರ ಯಾರ ಹತ್ತಿರವೂ ಇಲ್ಲದ ಕಾಲ. ಸೆರಗಿನಲ್ಲಿ ಮಗನ ಮುಖ ಒರೆಸಿ ಮುಂದೆ ನಿಲ್ಲಿಸಿದ ತಾಯಿ ಹೇಳುತ್ತಾಳೆ: “ಅಕ್ಕೋರ, ಈ ಹುಡುಗನ ಹೆಸರ ಹಚ್ಚಿಕೊಳ್ರಿ.” ಅಕ್ಕೋರು ಕೇಳುತ್ತಾರೆ: “ಯಾವಾಗ ಹುಟ್ಯಾನವ್ವಾ?” “ಗವಿಸಿದ್ದಪ್ಪಜ್ಜನ ತೇರು ಎಳದ ಮರುದಿನ ಹುಟ್ಯಾನ್ರಿ. ಆ ವರ್ಷ ಹಿಂಗಾರಿ ಬಿಳಿಜ್ವಾಳ ಚಲೋ ಬಂದಿತ್ತು.” ಯಾವ ವರ್ಷ ಎಂದರೆ ಉತ್ತರವಿಲ್ಲ. ಆಗ ಹುಡುಗನನ್ನು ಹತ್ತಿರ ಕರೆದು, ಬಲಗೈಯನ್ನು ನೆತ್ತಿಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟು ಎನ್ನುವುದು. ಬೆರಳು ಕಿವಿಗೆ ತಾಗಿತೋ, ಆರು ವರ್ಷ ತುಂಬಿತೆಂದು ಲೆಕ್ಕ. ತಾಗದಿದ್ದರೆ ಮುಂದಿನ ವರ್ಷ ಬಾ. ಎಷ್ಟೋ ಸಲ ತಾಗದವನನ್ನೂ ಒಳಗೆ ಕೂಡಿಸಿಕೊಂಡದ್ದುಂಟು, ಏಕೆಂದರೆ ಬಿಟ್ಟರೆ ಮುಂದಿನ ವರ್ಷ ಅವನು ದನ ಕಾಯಲು ಹೋಗಿರುತ್ತಾನೆಂದು ಮಾಸ್ತರರಿಗೆ ಗೊತ್ತು. ಆಮೇಲೆ ತಾರೀಖಿನ ಕಾಲಮ್ಮು. ಗವಿಮಠದ ಜಾತ್ರೆ ಬರುವುದು ಜನವರಿಯ ಸುಮಾರಿಗೆ. ಆದರೆ ಮಾಸ್ತರರ ಲೇಖನಿ ಬರೆದದ್ದು ಜೂನ್ 1. ಅವತ್ತು ಸೇರಿದರೆ ಸರಿಯಾಗಿ ಆರು ವರ್ಷ ತುಂಬಿದಂತಾಗುತ್ತದೆ, ತಪಾಸಣೆಗೆ ಬಂದವರು ತಕರಾರು ತೆಗೆಯುವುದಿಲ್ಲ.

ಆ ಒಂದು ಗೀರು ಬದುಕಿನುದ್ದಕ್ಕೂ ಹಿಂದೆ ಬಂದಿದೆ. ಈ ಸೀಮೆಯಲ್ಲಿ ನಡುವಯಸ್ಸು ದಾಟಿದವರ ಗುರುತಿನ ಚೀಟಿ ತೆಗೆದು ನೋಡಿ, ಜೂನ್ 1ರಂದು ಹುಟ್ಟಿದವರು ಮನೆಮನೆಯಲ್ಲೂ ಸಿಗುತ್ತಾರೆ. ತಿಂಗಳ ಮೊದಲ ದಿನ ಹುಟ್ಟಿದ ಸರಕಾರಿ ನೌಕರ ಹಿಂದಿನ ತಿಂಗಳ ಕೊನೆಯ ದಿನ ನಿವೃತ್ತನಾಗಬೇಕು ಎಂಬ ನಿಯಮವಿರುವುದರಿಂದ ಮೇ 31ರಂದು ಕಚೇರಿಗಳಲ್ಲಿ ಸಾಲುಸಾಲಾಗಿ ಬೀಳ್ಕೊಡುಗೆ ನಡೆಯುತ್ತದೆ. ಕಿವಿ ಮುಟ್ಟಿಸಿ ಬರೆದ ವಯಸ್ಸು ಒಬ್ಬನಿಗೆ ಒಂದು ವರ್ಷ ಹೆಚ್ಚಿನ ನೌಕರಿ ಕೊಟ್ಟಿದೆ, ಇನ್ನೊಬ್ಬನಿಂದ ಕಿತ್ತುಕೊಂಡಿದೆ. ಇಂದು ಜನನ ಪ್ರಮಾಣಪತ್ರ, ಆಧಾರ್ ಎಲ್ಲ ಇವೆ. ಒಂದನೇ ತರಗತಿಗೆ ಜೂನ್ 1ಕ್ಕೆ 6 ವರ್ಷ ತುಂಬಿರಬೇಕೆಂಬ ಆದೇಶ 2025-26ರಲ್ಲಿ ಜಾರಿಗೆ ಬಂದಾಗ ಪಾಲಕರ ಒತ್ತಾಯಕ್ಕೆ ಆ ಒಂದು ವರ್ಷದ ಮಟ್ಟಿಗೆ 5 ವರ್ಷ 5 ತಿಂಗಳಿಗೆ ಸಡಿಲಿಸಬೇಕಾಯಿತು. ತಿಂಗಳುಗಳ ಈ ಲೆಕ್ಕಾಚಾರ ನೋಡುವಾಗ, ಹುಡುಗ ದನಗಳ ಹಿಂದೆ ಹೋಗದಿರಲಿ ಎಂದು ವಯಸ್ಸು ಬರೆದ ಆ ಮಾಸ್ತರರ ಬಗ್ಗೆ ನನಗೆ ಗೌರವ ಹೆಚ್ಚುತ್ತದೆ.

ಧರ್ಮ ಮತ್ತು ಜಾತಿಯ ಕಾಲಮ್ಮುಗಳು ಇದಕ್ಕಿಂತ ಗಟ್ಟಿ ಪ್ರಶ್ನೆ. 1950ರ ಪರಿಶಿಷ್ಟ ಜಾತಿಗಳ ಆದೇಶದ ಪ್ರಕಾರ ಹಿಂದೂಗಳಲ್ಲದವರಿಗೆ ಪರಿಶಿಷ್ಟ ಜಾತಿಯ ಸ್ಥಾನವಿಲ್ಲ. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿಕೊಂಡರು, ಕ್ರೈಸ್ತ ದಲಿತರು ಹೊರಗುಳಿದರು. ಕರ್ನಾಟಕ ಕ್ರೈಸ್ತರಾದ ಪರಿಶಿಷ್ಟ ಜಾತಿಯವರನ್ನು ಹಿಂದುಳಿದವರ ಪ್ರವರ್ಗ 1ರಲ್ಲಿ, ಉಳಿದ ಕ್ರೈಸ್ತರನ್ನು 3ಬಿಯಲ್ಲಿ ಇಟ್ಟಿದೆ. ಆದ್ದರಿಂದ ಮೂರು ತಲೆಮಾರಿನಿಂದ ಚರ್ಚಿಗೆ ನಡೆದುಕೊಳ್ಳುವ ಮನೆಯ ತಂದೆ ಮಗುವನ್ನು ಕರೆತಂದು ನಿಂತಾಗ, ಲೇಖನಿ ಹಿಡಿದವರ ಮುಂದೆ ಬರುವುದು ನಂಬಿಕೆಯ ಪ್ರಶ್ನೆಯೊಂದೇ ಅಲ್ಲ. ಮುಂದೆ ಆ ಮಗುವಿಗೆ ಸಿಗುವ ವಿದ್ಯಾರ್ಥಿವೇತನ, ಹಾಸ್ಟೆಲ್ಲು, ನೌಕರಿಯ ಪ್ರಶ್ನೆ. ಅನೇಕ ತಂದೆಯರು ಹಿಂದೂ ಎಂದು ಬರೆಸಿದ್ದಾರೆ. ಯಾಕೆ ಬರೆಸಿದಿರಿ ಎಂದು ಕೇಳುವ ಹಕ್ಕು ಶಾಲೆಗಿಲ್ಲ. ಅಸ್ಪೃಶ್ಯತೆ ಮತಾಂತರವಾದವನನ್ನು ಬಿಟ್ಟು ಹೋಗುವುದಿಲ್ಲ ಎಂಬುದು ಈ ನಾಲ್ಕು ತಾಲ್ಲೂಕಿನ ಯಾವ ಚಹಾದಂಗಡಿಯವರಿಗೂ ಗೊತ್ತಿರುವಾಗ, ಆದೇಶ ಮಾತ್ರ ಅದನ್ನು ಒಪ್ಪಿಲ್ಲ. ಆ ಭಾರ ಆರು ವರ್ಷದ ಮಗುವಿನ ಸಾಲಿನ ಮೇಲೆ ಬಂದು ಕೂತಿದೆ.

ತಂದೆಯ ಹೆಸರಿನ ಕಾಲಮ್ಮೂ ಅಷ್ಟೇ ಕಠಿಣ. ದೇವದಾಸಿ ಪದ್ಧತಿಯನ್ನು 1982ರ ಕಾಯ್ದೆ ನಿಷೇಧಿಸಿತು, ಆದರೆ ಕೊಪ್ಪಳ, ಬಳ್ಳಾರಿ, ರಾಯಚೂರು ಸೀಮೆಯಲ್ಲಿ ಆ ತಾಯಂದಿರ ಮಕ್ಕಳು ಆಮೇಲೆಯೂ ಶಾಲೆಯ ಮೆಟ್ಟಿಲಲ್ಲಿ ನಿಂತು ತಂದೆ ಯಾರು ಎಂಬ ಪ್ರಶ್ನೆಗೆ ತಲೆ ತಗ್ಗಿಸಿದ್ದಾರೆ. ತಿಳಿವಳಿಕೆಯುಳ್ಳ ಮಾಸ್ತರರು ಜೋರಾಗಿ ಕೇಳುತ್ತಿರಲಿಲ್ಲ. ತಾಯಿಯ ಹೆಸರನ್ನೇ ಬರೆದು ಮುಂದಿನ ಕಾಲಮ್ಮಿಗೆ ಹೋಗುತ್ತಿದ್ದರು. 2025ರಲ್ಲಿ ರಾಜ್ಯ ವಿಧಾನಮಂಡಲ ಅಂಗೀಕರಿಸಿದ ಹೊಸ ದೇವದಾಸಿ ಕಾಯ್ದೆಯಲ್ಲಿ ಈ ಮಕ್ಕಳು ದಾಖಲೆಗಳಲ್ಲಿ ತಂದೆಯ ಹೆಸರು ಹೇಳಲೇಬೇಕಿಲ್ಲ ಎಂಬ ಮಾತು ಸೇರಿದೆ. ಅಂಥ ಮಾಸ್ತರರು ಎಷ್ಟೋ ಹಿಂದೆಯೇ ಮಾಡಿದ್ದನ್ನು ಕಾನೂನು ಈಗ ಹೇಳಿದೆ.

ಬಿಟ್ಟ ಕಾರಣದ ಕಾಲಮ್ಮಿನಲ್ಲಿ ಕುಷ್ಟಗಿ, ಯಲಬುರ್ಗಾಗಳ ಬರ ಕಾಣುತ್ತದೆ. ಕಾಲುವೆ ಕಾಣದ ಎರಿ ಹೊಲ, ಮಸಾರಿ ಹೊಲ. ಹಿಂಗಾರಿ ಕೈಕೊಟ್ಟರೆ ಗುಳೆ. ಮಂಗಳೂರು, ಉಡುಪಿ, ಗೋವಾ, ಬೆಂಗಳೂರುಗಳ ಕಟ್ಟಡದ ಕೆಲಸಕ್ಕೆ ಮನೆಗೆ ಬೀಗ ಹಾಕಿ ಹೋಗುವಾಗ ಮಕ್ಕಳನ್ನು ಯಾರ ಹತ್ತಿರ ಬಿಡುವುದು? ನವೆಂಬರಿನಲ್ಲಿ ಹಾಜರಿಯಿಂದ ಮರೆಯಾದ ಹೆಸರು ಯುಗಾದಿಯ ಹೊತ್ತಿಗೆ ಮರಳಿ ಬರುವುದು ಇಲ್ಲಿಯ ಶಾಲೆಗಳ ವಾರ್ಷಿಕ ಕ್ರಮ. ಇಂಥ ಮಗುವಿನ ಹೆಸರನ್ನು ಗೈರುಹಾಜರಿಯ ನೆಪದಲ್ಲಿ ಹೊಡೆದುಹಾಕುವುದು ಸುಲಭ. ಹೊಡೆದುಹಾಕದೆ ಕಾಯುವುದು ಕೆಲಸ. ಸರ್ವ ಶಿಕ್ಷಣ ಅಭಿಯಾನದ ಕಾಲದಲ್ಲಿ ಗುಳೆ ಹೋದವರ ಮಕ್ಕಳಿಗಾಗಿ ಋತುಮಾನ ವಸತಿ ಕೇಂದ್ರಗಳು, ಕೆಲಸದ ಜಾಗದಲ್ಲಿ ಟೆಂಟ್ ಶಾಲೆಗಳು ಬಂದವು. ಅದಕ್ಕೂ ಮೊದಲು ಅಜ್ಜಿಯ ಹತ್ತಿರ ಬಿಟ್ಟುಹೋದ ಹುಡುಗಿಯನ್ನು ಸಂಜೆ ಮನೆಯವರೆಗೂ ನಡೆಸಿಕೊಂಡು ಹೋಗಿ ಬಿಟ್ಟು ಬರುತ್ತಿದ್ದವರು ಕನ್ಯಾಸ್ತ್ರೀಯರು, ಅಕ್ಕೋರುಗಳು. ಇದು ಯಾವ ವರದಿಯಲ್ಲೂ ಅಂಕಿಯಾಗಿ ಬರುವುದಿಲ್ಲ.

ಹುಡುಗಿಯರ ಮಾತು ಬಂದದ್ದರಿಂದ ಒಂದು ಅಂಕಿ ಹೇಳಲೇಬೇಕು. 2011ರಲ್ಲಿ ಕೊಪ್ಪಳ ಜಿಲ್ಲೆಯ ಸಾಕ್ಷರತೆ ಶೇಕಡ 68.09, ಹೆಣ್ಣುಮಕ್ಕಳದು 57.55. ಹೀಗೆಂದರೆ ನಮ್ಮ ಕಾಲದಲ್ಲಿಯೇ ನೂರರಲ್ಲಿ ನಲವತ್ತಕ್ಕಿಂತ ಹೆಚ್ಚು ಹೆಣ್ಣುಮಕ್ಕಳಿಗೆ ತಮ್ಮ ಹೆಸರಿನ ಅಕ್ಷರ ಗೊತ್ತಿರಲಿಲ್ಲ. ಹಳೆಯ ರಿಜಿಸ್ಟರಿನ ಪುಟವೊಂದರಲ್ಲಿ ನಾಲ್ಕೈದು ಹೆಣ್ಣು ಹೆಸರು ಕಂಡರೂ ಆ ಮನೆಗಳ ಬಾಗಿಲಿಗೆ ಯಾರೋ ಹತ್ತಾರು ಸಲ ಹೋಗಿ ಕೂತು ಬಂದಿದ್ದಾರೆಂದೇ ತಿಳಿಯಬೇಕು.

ಈಚಿನ ವರ್ಷಗಳ ಕತೆ ಹಣದ್ದು, ಮಾಧ್ಯಮದ್ದು. ಹಳೆಯ ಶಾಲೆಗಳಿಗೆ ಸಿಕ್ಕ ಸರಕಾರಿ ಅನುದಾನ ಆಮೇಲೆ ತೆರೆದವಕ್ಕೆಲ್ಲ ಸಿಗಲಿಲ್ಲ. ಅನುದಾನ ಸಿಗದ ಕನ್ನಡ ಶಾಲೆಗಳವರು ಇಂದಿಗೂ ಅನುದಾನ ಕೇಳುತ್ತಲೇ ಇದ್ದಾರೆ. ಅನುದಾನವಿಲ್ಲದ ಚರ್ಚಿನ ಶಾಲೆ ಮಾಸ್ತರರ ಪಗಾರಕ್ಕೆ ಫೀ ತೆಗೆದುಕೊಳ್ಳದೆ ವಿಧಿಯಿಲ್ಲ. ಇನ್ನೊಂದು ಕಡೆ 2002ರ ಜೂನ್‌ನಲ್ಲಿ ಅಕ್ಷರ ದಾಸೋಹ ಮೊದಲು ಶುರುವಾದದ್ದೇ ಕೊಪ್ಪಳವೂ ಸೇರಿದ್ದ ಈಶಾನ್ಯದ ಜಿಲ್ಲೆಗಳಲ್ಲಿ. ಸರಕಾರಿ ಶಾಲೆಯಲ್ಲಿ ಬಿಸಿಯೂಟ, ಪುಸ್ತಕ, ಸಮವಸ್ತ್ರ ಸಿಗುವಾಗ ಬಡವರ ಮಗು ಅತ್ತ ಹೋಯಿತು, ಹೋಗಬೇಕಾದದ್ದೇ. ಹೀಗಾಗಿ ಕೆಲವು ಸಣ್ಣ ಚರ್ಚು ಶಾಲೆಗಳು ಮುಚ್ಚಿದವು, ಕೆಲವು ಇಂಗ್ಲಿಷ್ ಮಾಧ್ಯಮಕ್ಕೆ ಹೊರಳಿ ಹಳದಿ ವ್ಯಾನು ಓಡಿಸಿದವು. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯನ್ನು ಕಡ್ಡಾಯ ಮಾಡುವಂತಿಲ್ಲ ಎಂದು 2014ರ ಮೇ 6ರಂದು ಸುಪ್ರೀಂ ಕೋರ್ಟು ಕರ್ನಾಟಕದ ಪ್ರಕರಣದಲ್ಲಿಯೇ ಹೇಳಿದ ಮೇಲೆ ಆ ದಾರಿ ಇನ್ನೂ ಅಗಲವಾಯಿತು.

ಅದೇ ದಿನ ಅದೇ ನ್ಯಾಯಾಲಯ ಕೊಟ್ಟ ಇನ್ನೊಂದು ತೀರ್ಪು ಚರ್ಚಿನ ಶಾಲೆಗಳಿಗೆ ನೇರವಾಗಿ ತಟ್ಟುವಂಥದು. 2009ರ ಶಿಕ್ಷಣ ಹಕ್ಕು (ಆರ್‌ಟಿಇ) ಕಾಯ್ದೆಯು, ಅನುದಾನಿತವಿರಲಿ ಇಲ್ಲದಿರಲಿ, ಅಲ್ಪಸಂಖ್ಯಾತರ ಶಾಲೆಗಳಿಗೆ ಅನ್ವಯಿಸುವುದಿಲ್ಲ ಎಂಬುದು ಪ್ರಮತಿ ಪ್ರಕರಣದ ಆ ತೀರ್ಪು. ಶೇಕಡ 25 ಸೀಟು ಬಡ ಮಕ್ಕಳಿಗೆ ಬಿಡಬೇಕೆಂಬ ಕಟ್ಟಳೆ ಅದರಿಂದ ಇವುಗಳ ಮೇಲಿಲ್ಲ. 2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಪೀಠ ಈ ತೀರ್ಪು ಸರಿಯೇ ಎಂಬ ಸಂದೇಹ ಎತ್ತಿ, ದೊಡ್ಡ ಪೀಠ ನೋಡಬೇಕೆಂದು ಮುಖ್ಯ ನ್ಯಾಯಮೂರ್ತಿಗಳ ಮುಂದೆ ಇಟ್ಟಿದೆ. ಸಂವಿಧಾನದ 30ನೆಯ ವಿಧಿ ಅಲ್ಪಸಂಖ್ಯಾತರಿಗೆ ಕೊಟ್ಟ ಹಕ್ಕು ದೊಡ್ಡದು, ಅದನ್ನು ಕಾಪಾಡಿಕೊಳ್ಳಬೇಕು. ಆದರೆ ಮಗುವನ್ನಾಗಲಿ ಪಾಲಕರನ್ನಾಗಲಿ ಸಂದರ್ಶನ ಮಾಡಿ ಆರಿಸಬಾರದು, ಡೊನೇಶನ್ ಕೇಳಬಾರದು, ವಯಸ್ಸಿನ ಕಾಗದವಿಲ್ಲವೆಂದು ಮರಳಿ ಕಳಿಸಬಾರದು ಎಂದು ಆ ಕಾಯ್ದೆ ಹೇಳುವ ಮಾತುಗಳು ಚರ್ಚಿನ ಶಾಲೆಗೆ ಹೊರಗಿನವೇನಲ್ಲ. ಉಪದೇಶಿ ಮಾಸ್ತರರು ಕಾಯ್ದೆ ಹುಟ್ಟುವ ಮೊದಲೇ ಅವನ್ನು ನಡೆಸಿದ್ದರು. ಕಾನೂನು ವಿನಾಯಿತಿ ಕೊಟ್ಟಿದೆ ಎಂದು ಮೂರೂವರೆ ವರ್ಷದ ಕೂಸಿಗೆ ಇಂಗ್ಲಿಷಿನಲ್ಲಿ ಬಣ್ಣಗಳ ಹೆಸರು ಕೇಳಿ, ಹೇಳಲಾಗದ ಕೂಸನ್ನು ಹೊರಗೆ ಕಳಿಸುವ ಶಾಲೆ ತನ್ನ ಹಳೆಯ ರಿಜಿಸ್ಟರನ್ನು ಓದಿಲ್ಲ. ಫೀ ಬೇಕಾಗುತ್ತದೆ, ಒಪ್ಪೋಣ. ಹಾಗಾದರೆ ಪ್ರತಿ ತರಗತಿಯಲ್ಲೂ ಫೀ ಕೊಡಲಾಗದ ಮನೆಗಳಿಗೆಂದು ಇಷ್ಟು ಸ್ಥಾನ ಎಂದು ಆಡಳಿತ ಮಂಡಳಿ ಮೊದಲೇ ಬರೆದಿಡಲಿ, ಆ ಕೇರಿಗಳಿಗೆ ತಾವೇ ಹೋಗಿ ಹೇಳಲಿ. 2019ರಿಂದ ರಾಜ್ಯದ ನಿಯಮ ಬದಲಾಗಿ, ಹತ್ತಿರದಲ್ಲಿ ಸರಕಾರಿ ಅಥವಾ ಅನುದಾನಿತ ಶಾಲೆಯಿದ್ದರೆ ಖಾಸಗಿ ಶಾಲೆಯಲ್ಲಿ ಆರ್‌ಟಿಇ ಸೀಟೇ ಸಿಗದಂತಾಗಿದೆ. ಆದ್ದರಿಂದ ಬಡವರ ಮಗುವಿಗೆ ಈ ದಾರಿ ಶಾಲೆಯವರು ಮನಸ್ಸು ಮಾಡಿದರೆ ಮಾತ್ರ ಉಂಟು.

ರಿಜಿಸ್ಟರಿನ ಉಪಯೋಗ ಇಷ್ಟಕ್ಕೆ ಮುಗಿದಿಲ್ಲ. ಸಂವಿಧಾನಕ್ಕೆ 371ಜೆ ವಿಧಿ ಸೇರಿ 2013ರಲ್ಲಿ ಜಾರಿಯಾದ ಮೇಲೆ ಹೈದರಾಬಾದ್ ಕರ್ನಾಟಕದವರಿಗೆ ಶಿಕ್ಷಣದಲ್ಲಿ, ನೌಕರಿಯಲ್ಲಿ ಸ್ಥಳೀಯ ಮೀಸಲಾತಿ ಬಂತು. ತಾನು ಇಲ್ಲಿಯವನೇ ಎಂದು ತೋರಿಸಲು ಕಾಗದ ಬೇಕು. ಹೊಲವಿದ್ದವನಿಗೆ ಪಹಣಿ ಇದೆ. ಹೊಲವಿಲ್ಲದ ಕೂಲಿಯವನಿಗೆ, ಗುಳೆ ಹೋಗಿ ಬಂದವನಿಗೆ ಎಷ್ಟೋ ಸಲ ಉಳಿದಿರುವುದು ಶಾಲೆಯ ದಾಖಲಾತಿ ಪುಸ್ತಕದ ಆ ಒಂದು ಸಾಲು. ಜಾತಿ ಪ್ರಮಾಣಪತ್ರಕ್ಕೂ ತಹಶೀಲ್ದಾರರ ಕಚೇರಿಯವರು ಕೇಳುವುದು ಶಾಲೆಯ ದಾಖಲೆಯನ್ನೇ. ತಲೆ ನರೆತವರು ಮೊಮ್ಮಗನನ್ನು ಜೊತೆಗೆ ಕರೆದುಕೊಂಡು ಬಂದು, “ನಾನು ಇಲ್ಲೇ ಎರಡನೇತ್ತ ಓದೀನ್ರಿ, ಒಂದು ಸರ್ಟಿಫಿಕೇಟ ಬರಕೊಡ್ರಿ” ಎಂದು ನಿಲ್ಲುವುದು ಹೆಡ್‌ಮಾಸ್ತರರಿಗೆ ಹೊಸದಲ್ಲ. ಶಾಲೆ ಮುಚ್ಚಿದ್ದರೆ ರಿಜಿಸ್ಟರು ಬಿಇಒ ಕಚೇರಿಗೋ ಹತ್ತಿರದ ಇನ್ನೊಂದು ಶಾಲೆಗೋ ಹೋಗಿರಬೇಕು; ಗೊತ್ತಿದ್ದವರು ಹುಡುಕುತ್ತಾರೆ, ಗೊತ್ತಿಲ್ಲದವರು ಖಾಲಿ ಕೈಯಲ್ಲಿ ಮರಳುತ್ತಾರೆ.

ಆದ್ದರಿಂದ ಈ ಸಂಚಿಕೆ ಹೊರಡುವ ಹೊತ್ತಿಗೆ ಮಾಡಬೇಕಾದ ಕೆಲಸ ಒಂದಿದೆ. ಹಳೆಯ ಸಂಪುಟಗಳಿಗೆ ಗೆದ್ದಲು ಹಿಡಿಯುವ ಮೊದಲು ಪುಟಪುಟವನ್ನೂ ಸ್ಕ್ಯಾನ್ ಮಾಡಿಸಿ ಒಂದು ಪ್ರತಿ ಶಾಲೆಯಲ್ಲಿ, ಒಂದು ಪ್ರತಿ ಧರ್ಮಪ್ರಾಂತದ ಕಚೇರಿಯಲ್ಲಿ ಇಡಬೇಕು. ಮುಚ್ಚಿದ ಶಾಲೆಗಳ ರಿಜಿಸ್ಟರು ಎಲ್ಲಿವೆ ಎಂಬ ಯಾದಿಯನ್ನು ಸಂಚಿಕೆಯ ಕೊನೆಯ ಪುಟದಲ್ಲಿ ಅಚ್ಚು ಹಾಕಬೇಕು. ವರ್ಷವಾರು ಎಷ್ಟು ಮಕ್ಕಳು ಸೇರಿದರು, ಅವರಲ್ಲಿ ಹೆಣ್ಣೆಷ್ಟು ಗಂಡೆಷ್ಟು, ಯಾವ ಯಾವ ಊರಿನಿಂದ ಬಂದರು ಎಂಬುದನ್ನೂ ಅಚ್ಚು ಹಾಕಬಹುದು. ಜಾತಿಯ ಕಾಲಮ್ಮು ಮತ್ತು ತಂದೆಯ ಹೆಸರಿನ ಕಾಲಮ್ಮು ಮಾತ್ರ ಅಚ್ಚಿಗೆ ಹೋಗಬಾರದು. ಅವನ್ನು ನೋಡುವ ಹಕ್ಕು ಆ ಸಾಲಿನ ಮಗುವಿಗೆ, ಈಗ ಅದಕ್ಕೆ ಎಷ್ಟೇ ವಯಸ್ಸಾಗಿರಲಿ, ಮತ್ತು ಅದರ ಮನೆಯವರಿಗೆ ಸೇರಿದ್ದು.